ಎಲೆಕ್ಟ್ರಾನ್ ಏಟಿಗೆ ಗಟ್ಟಿಯಾಗುವ ಏಕಾಣು ಪದರ

ದಾಂಡೇಲಿ ಎಂದೊಡನೆ ನೆನಪಾಗುವುದು ಕಾಡು, ಕಾಳಿ ನದಿ ಮತ್ತು ಕಾಗದದ ಕಾರ್ಖಾನೆ. ಮರದಿಂದ ಕಾಗದ ತಯಾರಿಸಬೇಕಾದರೆ ಮೊದಲು ಮರದ ಚೂರುಗಳನ್ನು ಕ್ಷಾರ ದ್ರಾವಣದಲ್ಲಿ ಬೇಯಿಸುತ್ತಾರೆ. ಇಷ್ಟು ಶ್ರಮ ಏಕೆ? ಸೆಲ್ಯುಲೋಸ್ ನಾರುಗಳನ್ನು ಬಿಗಿಯಾಗಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತುವನ್ನು ಬಿಡಿಸಲು. ಬೆಂಜೀನ್ ಉಂಗುರಗಳಿರುವ ಘಟಕಗಳು ಎಲ್ಲ ದಿಕ್ಕುಗಳಲ್ಲೂ ಒಂದಕ್ಕೊಂದು ಬೆಸೆದುಕೊಂಡು ಆದ ಜಾಲವೇ ಲಿಗ್ನಿನ್. ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ತೇಗ, ಬಿದಿರುಗಳು ಗಟ್ಟಿಯಾಗಿ ನಿಲ್ಲುವುದರಲ್ಲಿ ಈ ಜಾಲದ ಪಾಲು ದೊಡ್ಡದು.

ಸಸ್ಯಗಳು ಕಿಣ್ವಗಳ ನೆರವಿನಿಂದ ಇಂಥ ಜಾಲವನ್ನು ಹೆಣೆಯುತ್ತವೆ. ಬೆಂಜೀನ್ ಉಂಗುರಗಳ ಜಾಲವನ್ನು ಒಂದೇ ಅಣುವಿನಷ್ಟು ದಪ್ಪದ ಹಾಳೆಯಾಗಿ ನಾವೂ ಹೆಣೆಯಬಹುದೆ? ಹೆಣೆಯಬಹುದು. ಬಂಧಗಳ ಬಗೆ ಬೇರೆ, ಸಾಧನವೂ ಬೇರೆ. ಇಲ್ಲಿ ಸಾಧನ ಎಲೆಕ್ಟ್ರಾನ್ ಕಿರಣ.

ತಾನಾಗಿ ಜೋಡಣೆಗೊಳ್ಳುವ ಪದರ

ಶುದ್ಧವಾದ ಚಿನ್ನದ ಮೇಲ್ಮೈಯನ್ನು ಥಯಾಲ್ ದ್ರಾವಣದಲ್ಲಿ ಅದ್ದಿಟ್ಟರೆ ಏನಾಗುತ್ತದೆ? ಥಯಾಲ್ ಅಣುವಿನ ಒಂದು ತುದಿಯಲ್ಲಿ ಗಂಧಕವಿದೆ. ಗಂಧಕಕ್ಕೆ ಚಿನ್ನದ ಮೇಲೆ ಒಲವು ಹೆಚ್ಚು. ಹಾಗಾಗಿ ಅಣುಗಳು ಗಂಧಕದ ತುದಿಯನ್ನು ಚಿನ್ನಕ್ಕೆ ಊರಿ, ಗದ್ದೆಯಲ್ಲಿ ನಾಟಿ ಮಾಡಿದ ಸಸಿಗಳಂತೆ ಸಾಲಾಗಿ ನಿಲ್ಲುತ್ತವೆ. ಜಾಗ ತುಂಬಿದ ಮೇಲೆ ಜೋಡಣೆ ತಾನಾಗಿ ನಿಲ್ಲುತ್ತದೆ. ಹೀಗೆ ಉಂಟಾಗುವ, ಒಂದೇ ಅಣುವಿನ ಎತ್ತರದ ಹೊದಿಕೆಯೇ ಸ್ವಯಂಜೋಡಿತ ಏಕಾಣು ಪದರ. ಅದರ ದಪ್ಪ ಸಾಮಾನ್ಯವಾಗಿ 1ರಿಂದ 2 ನ್ಯಾನೊಮೀಟರ್. ಗಂಧಕವುಳ್ಳ ಸಾವಯವ ಅಣುಗಳು ಚಿನ್ನದ ಮೇಲೆ ಇಂಥ ಕ್ರಮಬದ್ಧ ಪದರಗಳನ್ನು ಕಟ್ಟುತ್ತವೆಂದು ಅಮೆರಿಕದ ರಾಲ್ಫ್ ನಝೊ ಮತ್ತು ಡೇವಿಡ್ ಅಲ್ಲಾರ 1983ರಲ್ಲಿ ವರದಿ ಮಾಡಿದರು.

ಅಣುವಿನ ದೇಹ ಎರಡು ಬಗೆಯದಿರಬಹುದು. ಒಂದು, ಕಾರ್ಬನ್‌ಗಳ ಉದ್ದನೆಯ ಸರಪಣಿ, ಇದು ಅಲಿಫ್ಯಾಟಿಕ್. ಇನ್ನೊಂದು, ಬೆಂಜೀನ್ ಉಂಗುರಗಳಿಂದ ಆದದ್ದು, ಇದು ಆರೊಮ್ಯಾಟಿಕ್. ಎರಡು ಉಂಗುರಗಳಿರುವ ಬೈಫೀನೈಲ್ ಥಯಾಲ್ ಇದಕ್ಕೆ ಉದಾಹರಣೆ.

ಒಂದೇ ಏಟು, ಎರಡು ಫಲ

ಈ ಎರಡೂ ಪದರಗಳನ್ನು ನಿರ್ವಾತದಲ್ಲಿಟ್ಟು, 100 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳನ್ನು ಅವುಗಳ ಮೇಲೆ ಬೀಳಿಸೋಣ. ಕಾರ್ಬನ್-ಹೈಡ್ರೊಜನ್ ಬಂಧ ಮುರಿಯಲು 4ರಿಂದ 5 ಎಲೆಕ್ಟ್ರಾನ್ ವೋಲ್ಟ್ ಸಾಕು. ಆದ್ದರಿಂದ ಎರಡು ಪದರಗಳಲ್ಲೂ ಹೈಡ್ರೊಜನ್ ಕಳಚಿಕೊಳ್ಳುತ್ತದೆ. ಇಲ್ಲಿಯವರೆಗೆ ಎರಡರ ಕಥೆಯೂ ಒಂದೇ. ಮುಂದಿನದು ಬೇರೆ.

ಸರಪಣಿ ಅಣುಗಳ ಪದರದಲ್ಲಿ ಕಾರ್ಬನ್-ಕಾರ್ಬನ್ ಬಂಧಗಳೂ ಮುರಿಯುತ್ತವೆ. ಚೂರುಗಳು ಕಳಚಿ ನಿರ್ವಾತಕ್ಕೆ ಹಾರಿಹೋಗುತ್ತವೆ. ಗಂಧಕ ಮತ್ತು ಚಿನ್ನದ ನಡುವಣ ಬಂಧವೂ ಸಡಿಲವಾಗುತ್ತದೆ. ನೆಟ್ಟಗೆ ನಿಂತಿದ್ದ ಸರಪಣಿಗಳು ಅಸ್ತವ್ಯಸ್ತವಾಗುತ್ತವೆ. ಅಲ್ಲಲ್ಲಿ ನೆರೆಯ ಸರಪಣಿಗಳು ಬೆಸೆದುಕೊಳ್ಳುವುದುಂಟು; ಆದರೆ ಒಟ್ಟಾರೆ ಪದರ ಹಾಳಾಗುತ್ತದೆ.

ಆರೊಮ್ಯಾಟಿಕ್ ಪದರದಲ್ಲಿ ಉಂಗುರಗಳು ಬಹುಮಟ್ಟಿಗೆ ಉಳಿಯುತ್ತವೆ. ಉಂಗುರದ ಪೈ ಎಲೆಕ್ಟ್ರಾನ್‌ಗಳು ಯಾವ ಒಂದು ಬಂಧಕ್ಕೂ ಸೇರಿದವಲ್ಲ, ಇಡೀ ಉಂಗುರಕ್ಕೆ ಸೇರಿದವು. ಹಾಗಾಗಿ ಬಿದ್ದ ಶಕ್ತಿ ಒಂದೆಡೆ ನಿಲ್ಲದೆ ಹರಡಿಹೋಗುತ್ತದೆ. ಹೈಡ್ರೊಜನ್ ಕಳೆದುಕೊಂಡ ಕಾರ್ಬನ್ ಮಾತ್ರ ಜೊತೆಯಿಲ್ಲದ ಎಲೆಕ್ಟ್ರಾನ್ ಹೊತ್ತ ರ್‍ಯಾಡಿಕಲ್ ಆಗಿ ಉಳಿಯುತ್ತದೆ. ಪಕ್ಕದಲ್ಲೇ ಇನ್ನೊಂದು ಅಣುವಿನ ಉಂಗುರ ಒತ್ತಾಗಿ ನಿಂತಿದೆ. ಎರಡೂ ಬೆಸೆದುಕೊಳ್ಳುತ್ತವೆ. ಹೀಗೆ ಬಿಡಿ ಅಣುಗಳ ಸಾಲು ಅಡ್ಡಬಂಧಗಳಿಂದ ಹೆಣೆದ ಒಂದೇ ಹಾಳೆಯಾಗುತ್ತದೆ.

ಬಂಧ ಮುರಿಯುವುದು ಎಂದರೆ ನಾಶ ಎಂದೇ ನಾವು ತಿಳಿಯುತ್ತೇವೆ. ಮುರಿದ ತುದಿಗೆ ಕೈಗೆಟುಕುವಷ್ಟು ಹತ್ತಿರದಲ್ಲಿ ನೆರೆಯ ಉಂಗುರವಿದ್ದರೆ, ಅದೇ ಮುರಿತ ಹೊಸ ಬಂಧಕ್ಕೆ ದಾರಿಯಾಗುತ್ತದೆ.

ತರಗತಿಗೊಂದು ಲೆಕ್ಕ

ಬೈಫೀನೈಲ್ ಪದರವನ್ನು ಪೂರ್ಣವಾಗಿ ಬೆಸೆಯಲು ಚದರ ಸೆಂಟಿಮೀಟರಿಗೆ ಸುಮಾರು 50 ಮಿಲಿಕೂಲಂಬ್ ಎಲೆಕ್ಟ್ರಾನ್‌ಗಳನ್ನು ಬೀಳಿಸುವುದು ರೂಢಿ. ಒಂದು ಕೂಲಂಬ್ ಎಂದರೆ 6.24×10¹⁸ ಎಲೆಕ್ಟ್ರಾನ್‌ಗಳು. ಆದ್ದರಿಂದ 50 ಮಿಲಿಕೂಲಂಬ್ ಎಂದರೆ 3.1×10¹⁷. ಚಿನ್ನದ ಮೇಲೆ ಒತ್ತಾಗಿ ನಿಂತ ಥಯಾಲ್ ಅಣುಗಳು ಚದರ ಸೆಂಟಿಮೀಟರಿಗೆ ಸುಮಾರು 4.6×10¹⁴. ಭಾಗಿಸಿ ನೋಡಿ: ಒಂದೊಂದು ಅಣುವಿನ ಪಾಲಿಗೆ ಸುಮಾರು 680 ಎಲೆಕ್ಟ್ರಾನ್‌ಗಳು ಬರುತ್ತವೆ. ಅಂದರೆ ಬಿದ್ದ ಎಲೆಕ್ಟ್ರಾನ್‌ಗಳಲ್ಲಿ ಬಹುಪಾಲು ಬೆಸುಗೆಯ ಕೆಲಸ ಮಾಡದೆ ಹಾದುಹೋಗುತ್ತವೆ. ದೊಡ್ಡ ಹಾಳೆ ಮಾಡಲು ಸಮಯ ಹಿಡಿಯುವುದು ಇದರಿಂದಲೇ.

ಉಪಯೋಗವೇನು?

1999ರಲ್ಲಿ ಜರ್ಮನಿಯ ಆರ್ಮಿನ್ ಗೋಲ್ಟ್ಸ್‌ಹೊಯಿಸರ್, ಮೈಕೇಲ್ ಗ್ರುಂಟ್ಸೆ ಮತ್ತು ಸಂಗಡಿಗರು ಈ ವ್ಯತ್ಯಾಸವನ್ನು ಬಳಸಿ ಚಿನ್ನದ ಮೇಲೆ ಸೂಕ್ಷ್ಮ ಚಿತ್ತಾರ ಮೂಡಿಸಿದರು. ಎಲೆಕ್ಟ್ರಾನ್ ಬಿದ್ದ ಕಡೆ ಆರೊಮ್ಯಾಟಿಕ್ ಪದರ ಗಟ್ಟಿಯಾಗಿ, ಅಡಿಯ ಚಿನ್ನವನ್ನು ಕರಗಿಸುವ ದ್ರಾವಣದಿಂದ ಕಾಪಾಡುತ್ತದೆ. ಸರಪಣಿ ಪದರದಲ್ಲಾದರೆ ಎಲೆಕ್ಟ್ರಾನ್ ಬಿದ್ದ ಕಡೆಯೇ ಚಿನ್ನ ಕರಗುತ್ತದೆ.

ಬೆಸೆದ ಪದರ ಶಾಖವನ್ನೂ ತಡೆಯುತ್ತದೆ. ಬೆಸೆಯದ ಅಣುಗಳು ನೀರಿನ ಕುದಿಬಿಂದುವಿಗಿಂತ ಸ್ವಲ್ಪ ಹೆಚ್ಚಿನ ತಾಪದಲ್ಲೇ ಚಿನ್ನವನ್ನು ಬಿಟ್ಟು ಹೋಗತೊಡಗಿದರೆ, ಬೆಸೆದ ಹಾಳೆ ನಿರ್ವಾತದಲ್ಲಿ ಸುಮಾರು 1000 ಕೆಲ್ವಿನ್‌ವರೆಗೆ ಉಳಿಯುತ್ತದೆ. ಅಡಿಯ ಲೋಹವನ್ನು ಕರಗಿಸಿ ತೆಗೆದರೆ ಹಾಳೆ ಬಿಡಿಯಾಗಿಯೇ ನಿಲ್ಲುತ್ತದೆ. 2005ರಲ್ಲಿ ಇದನ್ನು ಮಾಡಿ ತೋರಿಸಲಾಯಿತು. ಇದಕ್ಕೆ ಕಾರ್ಬನ್ ನ್ಯಾನೊಪೊರೆ ಎನ್ನುತ್ತಾರೆ. ಮೂರು ಉಂಗುರಗಳ ಟರ್ಫೀನೈಲ್ ಥಯಾಲ್‌ನಿಂದ ಮಾಡಿದ, 1.2 ನ್ಯಾನೊಮೀಟರ್ ದಪ್ಪದ ಪೊರೆಯ ಮೂಲಕ ನೀರಿನ ಅಣುಗಳು ಬಲು ವೇಗವಾಗಿ ಹಾಯುತ್ತವೆ, ಹೆಚ್ಚಿನ ಅನಿಲಗಳು ಹಾಯಲಾರವು ಎಂದು 2018ರಲ್ಲಿ ಪ್ರಕಟವಾಯಿತು. ನೀರು ಶುದ್ಧೀಕರಣಕ್ಕೆ ಇದು ಒಂದು ಭರವಸೆ. ಇಷ್ಟು ತೆಳುವಾದ ಪೊರೆಯನ್ನು ಹರಿಯದಂತೆ, ಅಗ್ಗವಾಗಿ, ಚದರ ಮೀಟರುಗಟ್ಟಲೆ ತಯಾರಿಸುವುದೇ ಸವಾಲು.

ಎಲೆಕ್ಟ್ರಾನ್ ಕಿರಣದಿಂದ ಥಯೊಲೇಟುಗಳನ್ನು ಗಟ್ಟಿಮಾಡುವ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ. ಭುವನಾ ಮತ್ತು ಜಿ. ಯು. ಕುಲಕರ್ಣಿ 2008ರಲ್ಲಿ ಪೆಲೇಡಿಯಂ ಥಯೊಲೇಟ್ ಲೇಪದ ಮೇಲೆ ಎಲೆಕ್ಟ್ರಾನ್ ಕಿರಣದಿಂದ ಗೆರೆ ಎಳೆದು, ಬಳಿಕ ಕಾಯಿಸಿ, ಸುಮಾರು 30 ನ್ಯಾನೊಮೀಟರ್ ಅಗಲದ ಲೋಹದ ತಂತಿಗಳನ್ನು ಪಡೆದರು. ಅದು ಏಕಾಣು ಪದರವಲ್ಲ, ಆರೊಮ್ಯಾಟಿಕ್ ಕೂಡ ಅಲ್ಲ. ಆದರೂ ಎಲೆಕ್ಟ್ರಾನ್ ಬಿದ್ದ ಭಾಗ ದ್ರಾವಕದಲ್ಲಿ ಕರಗದೆ ಉಳಿಯಿತು. ಆದ್ದರಿಂದ ‘ಸರಪಣಿ ಎಂದರೆ ಹಾಳು, ಉಂಗುರ ಎಂದರೆ ಗಟ್ಟಿ’ ಎಂದು ಬಾಯಿಪಾಠ ಮಾಡಿದರೆ ಸಾಲದು. ಬಂಧ ಮುರಿದ ಮೇಲೆ ಪಕ್ಕದಲ್ಲಿ ಯಾರಿದ್ದಾರೆ, ಶಕ್ತಿ ಎಲ್ಲಿಗೆ ಹೋಯಿತು ಎಂದು ವಿದ್ಯಾರ್ಥಿಗಳು ಪ್ರತಿ ಸಲವೂ ಕೇಳಬೇಕು.

ಬೆಂಜೀನ್ ಪಾಠದಲ್ಲಿ ‘ಉಂಗುರ ಸ್ಥಿರವಾದುದು’ ಎಂದು ಹೇಳಿ ಮುಂದೆ ಹೋಗುವ ಬದಲು, ಒಂದು ತುಂಡು ಮರ ಮತ್ತು ಒಂದು ಹಾಳೆ ಬಿಳಿ ಕಾಗದವನ್ನು ಮೇಜಿನ ಮೇಲಿಟ್ಟು ಇವೆರಡರ ನಡುವೆ ಏನು ಹೋಯಿತು ಎಂದು ಕೇಳಬಹುದು. ಲಿಗ್ನಿನ್ ಎಂಬ ಉತ್ತರ ಬಂದರೆ, ಉಂಗುರಗಳ ಜಾಲದ ಮಾತನ್ನು ಅಲ್ಲಿಂದಲೇ ಆರಂಭಿಸಬಹುದು.