ಶರಾವತಿಯ ಹಿನ್ನೀರಿನಲ್ಲಿ ತೇಲಿದ ಕಿವಿ

ಶಿರಹಟ್ಟಿ, ಮುಂಡರಗಿ ಕಡೆ ಬಾವಿ ತೋಡಿದವರನ್ನು ಕೇಳಿ: ಮೇಲೆ ಎರೆ ಇಲ್ಲವೇ ಮಸಾರಿ, ಅದರಡಿ ಗರಸು, ಇನ್ನೂ ಕೆಳಗೆ ಬಂಡೆ. ನೆಲವೆಂದರೆ ಪದರ ಪದರ. ವಿಶ್ವದ ಮೊದಲ ನಕ್ಷತ್ರಗಳ ಸುಳಿವು ಹುಡುಕುತ್ತಿದ್ದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರನ್ನು ನೀರಿಗೆ ಇಳಿಸಿದ್ದು ಇಂಥ ಪದರಗಳೇ.

ಆ ನಕ್ಷತ್ರಗಳಿಗೆ ಮೊದಲು ಇದ್ದದ್ದು ಬಹುಪಾಲು ಹೈಡ್ರೋಜನ್, ಹೀಲಿಯಂ. ಅನಿಲದ ಮೋಡ ತನ್ನ ಭಾರಕ್ಕೆ ತಾನೇ ಕುಸಿಯುವಾಗ ಕಾಯುತ್ತದೆ. ಆ ಕಾವು ಹೊರಹೋಗದಿದ್ದರೆ ಕುಸಿತ ಅಲ್ಲಿಗೇ ನಿಲ್ಲುತ್ತದೆ. ಇಂದಿನ ಮೋಡಗಳನ್ನು ತಣಿಸಲು ಧೂಳು, ಇಂಗಾಲ, ಆಮ್ಲಜನಕ ಇವೆ. ಆಗ ಅವು ಇನ್ನೂ ಹುಟ್ಟಿರಲಿಲ್ಲ. ಎರಡೆರಡು ಹೈಡ್ರೋಜನ್ ಪರಮಾಣು ಜೋಡಿಯಾಗಿ ಆದ ಅಣುಗಳೇ ಮೋಡವನ್ನು ತಣಿಸಿ ನಕ್ಷತ್ರಕ್ಕೆ ದಾರಿ ಮಾಡಿದವು. ನಕ್ಷತ್ರ ಬೆಳಗಿದಾಗ ಸುತ್ತಲಿನ ಬಿಡಿ ಹೈಡ್ರೋಜನ್, ಮಹಾಸ್ಫೋಟದಿಂದ ಉಳಿದ ಬೆಳಕಿನಲ್ಲಿ 1420 ಮೆಗಾಹರ್ಟ್ಸ್ ಪಾಲನ್ನು ಹೀರಿತು. ವಿಶ್ವ ಹಿಗ್ಗಿದಂತೆ ಆ ಗುರುತು ತಗ್ಗುತ್ತ ತಗ್ಗುತ್ತ ಈಗ ಎಫ್‌ಎಂ ಪಟ್ಟಿಯ ಆಸುಪಾಸಿಗೆ ಬಂದಿರಬೇಕು.

2018ರಲ್ಲಿ ಅಮೆರಿಕದ ‘ಎಡ್ಜಸ್’ ತಂಡ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಿಂತು, 78 ಮೆಗಾಹರ್ಟ್ಸ್ ಹತ್ತಿರ ಅಂಥದೊಂದು ಗುರುತು ಸಿಕ್ಕಿತು ಎಂದಿತು. ಲೆಕ್ಕಾಚಾರಕ್ಕಿಂತ ಅದು ಎರಡು ಪಟ್ಟಿಗೂ ಹೆಚ್ಚು ಆಳವಾಗಿತ್ತು.

ರಾಮನ್ ಸಂಸ್ಥೆಯ ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್, ಎನ್. ಉದಯಶಂಕರ್ ಮತ್ತವರ ಸಂಗಡಿಗರು ಅಂಥ ಗುರುತನ್ನೇ ಹುಡುಕುವ ‘ಸರಸ್’ ಎಂಬ ತಮ್ಮದೇ ರೇಡಿಯೊ ಉಪಕರಣವನ್ನು ವರ್ಷಗಳಿಂದ ತಿದ್ದುತ್ತ ಬಂದಿದ್ದರು. ತರಂಗದ ಬಲವನ್ನು ಉಷ್ಣತೆಯ ಮಾನದಲ್ಲಿ ಹೇಳುವುದಾದರೆ, ಎಡ್ಜಸ್ ಹೇಳಿದ ಗುರುತು ಅರ್ಧ ಕೆಲ್ವಿನ್. ನಮ್ಮದೇ ಆಕಾಶಗಂಗೆಯ ಗದ್ದಲ ಸಾವಿರಾರು ಕೆಲ್ವಿನ್. ಗದಗಿನ ಮನೆಯಲ್ಲಿ ರಾತ್ರಿ ಎಫ್‌ಎಂ ರೇಡಿಯೊ ಮುಳ್ಳು ಎರಡು ಸ್ಟೇಷನ್‌ಗಳ ನಡುವೆ ನಿಂತಾಗ ಕೇಳುವ ‘ಸ್ಸ್’ ಎನ್ನುವ ಸದ್ದಿನಲ್ಲೂ ಆ ಗದ್ದಲದ ಪಾಲಿದೆ. ಇದರ ಮೇಲೆ, ಆಂಟೆನಾ ಅಡಿಯ ಒಂದೊಂದು ಪದರಕ್ಕೂ ತರಂಗ ತಾಗಿ ಮರಳಿದರೆ ಅಳತೆಯಲ್ಲಿ ಸಣ್ಣ ಏರಿಳಿತ ಮೂಡುತ್ತದೆ. ನೆಲದ ಆ ಚೇಷ್ಟೆಯನ್ನೇ ನಕ್ಷತ್ರದ ಸುಳಿವೆಂದು ನಂಬಿಬಿಡುವ ಅಪಾಯವಿತ್ತು.

ನೀರಾದರೆ ಮೇಲಿಂದ ಕೆಳಗಿನವರೆಗೆ ಒಂದೇ. ಹೀಗಾಗಿ 2020ರ ಆರಂಭದಲ್ಲಿ, ಅಗಲವಾದ ಲೋಹದ ತಟ್ಟೆ, ಅದರ ಮೇಲೊಂದು ಲೋಹದ ಶಂಕು ಇರುವ ಸರಸ್ ಆಂಟೆನಾ ಹೊತ್ತ ತೆಪ್ಪ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿತು. ಜೋಗದ ನೀರೆಂದರೆ ಕರೆಂಟು ಎಂದಷ್ಟೇ ಬಲ್ಲ ನನಗೆ ಈ ಸಂಗತಿ ಓದಿ ಮೈ ಜುಮ್ಮೆಂದಿತ್ತು.

2022ರ ಫೆಬ್ರುವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಉತ್ತರ ಬಂತು: ಎಡ್ಜಸ್ ಹೇಳಿದ ಗುರುತು ಇಲ್ಲಿ ಕಾಣಲಿಲ್ಲ, ಶೇ 95.3ರಷ್ಟು ವಿಶ್ವಾಸದಿಂದ ಅದನ್ನು ತಳ್ಳಿಹಾಕಬಹುದು. ‘ಇಲ್ಲ’ ಎಂಬ ಒಂದು ಮಾತಿಗಾಗಿ ಇಷ್ಟು ದುಡಿದವರ ಬಗ್ಗೆ ನನಗೆ ತುಂಬು ಗೌರವ.

ನಿಜವಾದ ಗುರುತು ಇನ್ನೂ ಕ್ಷೀಣವಾಗಿರಬೇಕು. ಅದಕ್ಕಾಗಿ ಇದೇ ಸಂಸ್ಥೆ ‘ಪ್ರತುಷ್’ ಎಂಬ ನೌಕೆಯ ಯೋಜನೆ ಹಾಕಿದೆ. ಚಂದ್ರನನ್ನು ಸುತ್ತುತ್ತ ಅದು ಆಚೆ ಬದಿಗೆ ಹೋದಾಗ, ಅಡಿಯಲ್ಲಿ ಎರೆಯೂ ಇಲ್ಲ, ಗರಸೂ ಇಲ್ಲ. ಭೂಮಿಯ ಎಫ್‌ಎಂ ಸದ್ದಿಗೆ ಇಡೀ ಚಂದ್ರನೇ ಗೋಡೆ.