ಬೇವಿನೆಣ್ಣೆಯೂ ಪೇಟೆಂಟೂ

ಮಧುಗಿರಿ ಸೀಮೆಯ ಕೊಡಿಗೇನಹಳ್ಳಿಯಂತಹ ಊರುಗಳಲ್ಲಿ ಬೇವಿನ ಮರವನ್ನು ಅರಿಯದವರಿಲ್ಲ. ಯುಗಾದಿಯಂದು ಅದರ ಹೂವು ಬೆಲ್ಲದೊಡನೆ ಬೆರೆಯುತ್ತದೆ. ಒಣಗಿದ ಎಲೆ ಕಾಳನ್ನು ಹುಳುವಿನಿಂದ ಕಾಯುತ್ತದೆ. ಬೇವಿನ ಹಿಂಡಿ ಹೊಲಕ್ಕೆ ಗೊಬ್ಬರವಾಗುತ್ತದೆ. ಇದೇ ಬೇವಿನ ಎಣ್ಣೆಯಿಂದ ಗಿಡಗಳ ಶಿಲೀಂಧ್ರ ರೋಗವನ್ನು ತಡೆಯುವ ವಿಧಾನವೊಂದಕ್ಕೆ 1994ರಲ್ಲಿ ಯೂರೋಪಿನ ಪೇಟೆಂಟ್ ಕಚೇರಿಯು ಅಮೆರಿಕದ ಕೃಷಿ ಇಲಾಖೆಗೂ ಡಬ್ಲ್ಯು. ಆರ್. ಗ್ರೇಸ್ ಎಂಬ ಕಂಪನಿಗೂ ಪೇಟೆಂಟ್ ನೀಡಿತು. ನಮ್ಮ ಹಿತ್ತಲಿನ ಮರದ ಗುಣಕ್ಕೆ ಪರದೇಶದವರು ಹಕ್ಕುದಾರರಾದುದು ಹೇಗೆ?

ಪೇಟೆಂಟ್ ಎಂಬುದು ಸರ್ಕಾರಕ್ಕೂ ಆವಿಷ್ಕಾರ ಮಾಡಿದವನಿಗೂ ನಡುವಣ ಒಂದು ಒಪ್ಪಂದದಂತೆ. ಆತನು ತನ್ನ ಆವಿಷ್ಕಾರದ ಗುಟ್ಟನ್ನು ಪೂರ್ಣವಾಗಿ ಬರೆದು ಬಹಿರಂಗಪಡಿಸುತ್ತಾನೆ. ಅದಕ್ಕೆ ಪ್ರತಿಯಾಗಿ, ಅರ್ಜಿಯ ದಿನದಿಂದ 20 ವರ್ಷಗಳವರೆಗೆ ಅನ್ಯರು ತನ್ನ ಅಪ್ಪಣೆಯಿಲ್ಲದೆ ಅದನ್ನು ಬಳಸದಂತೆ ತಡೆಯುವ ಹಕ್ಕನ್ನು ಪಡೆಯುತ್ತಾನೆ. ಆವಿಷ್ಕಾರವು ಹೊಸದಾಗಿರಬೇಕು, ಆ ವಿಷಯವನ್ನು ಬಲ್ಲವರಿಗೆ ಸುಲಭವಾಗಿ ಹೊಳೆಯುವಂತಹುದಾಗಿರಬಾರದು, ಕೈಗಾರಿಕೆಗೆ ಉಪಯುಕ್ತವಾಗಿರಬೇಕು. ನಮ್ಮ ದೇಶದಲ್ಲಿ 1970ರ ಪೇಟೆಂಟ್ ಕಾಯಿದೆಯಂತೆ ಕೋಲ್ಕತ್ತ, ದೆಹಲಿ, ಮುಂಬಯಿ ಮತ್ತು ಚೆನ್ನೈಗಳ ಕಚೇರಿಗಳು ಅರ್ಜಿಗಳನ್ನು ಪರಿಶೀಲಿಸುತ್ತವೆ. ಕರ್ನಾಟಕವು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿದೆ.

ಇಡೀ ಪ್ರಪಂಚಕ್ಕೆ ಸಲ್ಲುವ ಪೇಟೆಂಟ್ ಎಂಬುದಿಲ್ಲ. ಭಾರತದ ಪೇಟೆಂಟ್ ಜಪಾನಿನಲ್ಲಿ ನಡೆಯದು. 1883ರ ಪ್ಯಾರಿಸ್ ಒಪ್ಪಂದದಂತೆ, ಒಂದು ದೇಶದಲ್ಲಿ ಮೊದಲು ಅರ್ಜಿ ಹಾಕಿದವನು 12 ತಿಂಗಳೊಳಗೆ ಇತರ ಸದಸ್ಯ ದೇಶಗಳಲ್ಲಿ ಅರ್ಜಿ ಹಾಕಿದರೆ ಮೊದಲಿನ ದಿನಾಂಕವೇ ಲೆಕ್ಕಕ್ಕೆ ಬರುತ್ತದೆ. 1970ರ ಪೇಟೆಂಟ್ ಸಹಕಾರ ಒಪ್ಪಂದವು ಒಂದೇ ಅರ್ಜಿಯಿಂದ ಅನೇಕ ದೇಶಗಳ ಬಾಗಿಲು ತಟ್ಟಲು ಅನುವು ಮಾಡಿತು. ಭಾರತವು 1998ರಲ್ಲಿ ಇವೆರಡನ್ನೂ ಸೇರಿತು. ಆದರೂ ಕೊಡುವ ಅಥವಾ ನಿರಾಕರಿಸುವ ತೀರ್ಮಾನ ಆಯಾ ಕಚೇರಿಯದೇ.

ಆದುದರಿಂದಲೇ ಪೇಟೆಂಟುಗಳ ಎಣಿಕೆಯಲ್ಲಿ ಎಚ್ಚರ ಬೇಕು. ಒಂದೇ ಆವಿಷ್ಕಾರಕ್ಕೆ ಐದು ದೇಶಗಳಲ್ಲಿ ಅರ್ಜಿ ಹಾಕಿದರೆ ಅರ್ಜಿಗಳು ಐದು, ಆವಿಷ್ಕಾರ ಒಂದು. ಇಂತಹ ಅರ್ಜಿಗಳನ್ನು ಒಟ್ಟಾಗಿ ಒಂದು ಪೇಟೆಂಟ್ ಕುಟುಂಬವೆನ್ನುತ್ತಾರೆ. 2023ರಲ್ಲಿ ಪ್ರಪಂಚದಲ್ಲಿ ಸಲ್ಲಿಕೆಯಾದ ಅರ್ಜಿಗಳು ಸುಮಾರು 35 ಲಕ್ಷ. ಅವೆಲ್ಲವೂ ಮಂಜೂರಾಗುವುವೆಂದು ತಿಳಿಯಬಾರದು.

ಇಷ್ಟೊಂದು ರಾಶಿಯಲ್ಲಿ ಹುಡುಕುವುದು ಹೇಗೆ? ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳ ಬಳಿಕ ಪ್ರಕಟವಾಗುತ್ತವೆ. ಅರ್ಜಿದಾರನ ಹೆಸರಿನಿಂದಲೋ ಸಂಖ್ಯೆಯಿಂದಲೋ ಪದಗಳಿಂದಲೋ ಹುಡುಕಬಹುದು. ಆದರೆ ಬೇವಿಗೆ ನಿಂಬ, ನೀಮ್, ಮಾರ್ಗೋಸ ಎಂದು ಹಲವು ಹೆಸರುಗಳುಂಟು. ಒಂದನ್ನೇ ಹಿಡಿದು ಹೊರಟವನಿಗೆ ಉಳಿದವು ತಪ್ಪಿಹೋಗುತ್ತವೆ. ಇದಕ್ಕಾಗಿ ಎ ಇಂದ ಎಚ್ ವರೆಗೆ ಎಂಟು ವಿಭಾಗಗಳುಳ್ಳ ಅಂತರರಾಷ್ಟ್ರೀಯ ವರ್ಗೀಕರಣವಿದೆ. ಸಸ್ಯಗಳಿಂದ ತಯಾರಿಸಿದ ಕೀಟನಾಶಕ, ಶಿಲೀಂಧ್ರನಾಶಕಗಳಿಗೆ ಎ01ಎನ್ 65 ಎಂಬ ಗುರುತು. ಬರಹ ಯಾವ ಭಾಷೆಯದಾದರೂ ಗುರುತು ಒಂದೇ.

ಆದರೆ ಹುಡುಕುವವನ ಕಣ್ಣಿಗೆ ಬೀಳುವುದು ಬರೆದಿಟ್ಟುದು ಮಾತ್ರ. ಗಾಯಕ್ಕೆ ಅರಿಸಿನ ಹಚ್ಚುವ ಕ್ರಮಕ್ಕೆ 1995ರಲ್ಲಿ ಅಮೆರಿಕವು ಪೇಟೆಂಟ್ ನೀಡಿತು. ಅಂದಿನ ಅಲ್ಲಿಯ ಕಾನೂನು ಪರದೇಶಗಳ ಬಳಕೆಯನ್ನು ಎಣಿಸುತ್ತಿರಲಿಲ್ಲ. ಮುದ್ರಿತ ಆಧಾರವನ್ನೇ ಕೇಳುತ್ತಿತ್ತು. ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಲಿಯು ಹಳೆಯ ಗ್ರಂಥಗಳ ಆಧಾರ ಒದಗಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬೇವಿನ ಪೇಟೆಂಟನ್ನು ವಂದನಾ ಶಿವ ಮುಂತಾದವರು ಪ್ರಶ್ನಿಸಿದರು. ಅದು 2000ದಲ್ಲಿ ರದ್ದಾಗಿ, ಮೇಲ್ಮನವಿಯೂ 2005ರಲ್ಲಿ ತಿರಸ್ಕೃತವಾಯಿತು. ಈ ಪಾಠದ ಫಲವಾಗಿ 2001ರಲ್ಲಿ ಆರಂಭವಾದ ಸಾಂಪ್ರದಾಯಿಕ ಜ್ಞಾನ ಭಂಡಾರವು ನಮ್ಮ ವೈದ್ಯಗ್ರಂಥಗಳ ಯೋಗಗಳನ್ನು ಐದು ವಿದೇಶೀ ಭಾಷೆಗಳಲ್ಲಿ ಪರೀಕ್ಷಕರ ಮುಂದಿಡುತ್ತದೆ.

ಹೊಸದನ್ನು ಕಂಡುಹಿಡಿದವನು ಪ್ರಕಟಿಸುವ ಮೊದಲೇ ಅರ್ಜಿ ಹಾಕಬೇಕು. ಇಲ್ಲವಾದರೆ ಅವನ ಮಾತೇ ಅವನಿಗೆ ಅಡ್ಡಿಯಾದೀತು. ಹಿರಿಯರಿಂದ ಬಂದ ಅರಿವನ್ನಾದರೋ ಕಾಲ, ಸ್ಥಳಗಳೊಡನೆ ಬರೆದಿಡಬೇಕು. ಬಾಯಿಂದ ಬಾಯಿಗೆ ಮಾತ್ರ ಸಾಗಿದ ಜ್ಞಾನಕ್ಕೆ ಸಾಕ್ಷಿ ಹೇಳುವವರು ದೂರದ ಕಚೇರಿಯಲ್ಲಿ ಸಿಗುವುದು ಕಷ್ಟ.