ಹಡಗಿನ ಮೈಮೇಲಿನ ಗೀಟುಗಳು

ಚಳಿಗಾಲದ ರಜೆಯಲ್ಲಿ ಮುಂಬಯಿಯಿಂದ ಗೋವೆಯ ಮಾರ್ಗವಾಗಿ ಕೊಚ್ಚಿಗೆ ವಿಹಾರನೌಕೆಯಲ್ಲಿ ಹೋಗುವವರು, ಬಂದರನ್ನು ಬಿಡುವ ಮುನ್ನ ಸುತ್ತ ನಿಂತ ಸರಕಿನ ಹಡಗುಗಳನ್ನು ಒಮ್ಮೆ ದಿಟ್ಟಿಸಿ ನೋಡಬೇಕು. ಅವುಗಳ ಮೈಯ ನಡುಭಾಗದಲ್ಲಿ ಒಂದು ವೃತ್ತ, ಅದನ್ನು ಸೀಳಿ ಹಾಯ್ದ ಅಡ್ಡಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲುಗಳಂತೆ ಕೆಲವು ಗೀಟುಗಳು ಕಾಣುತ್ತವೆ. ಇವೇ ಭಾರರೇಖೆಗಳು. ಯಾವ ನೀರಿನಲ್ಲಿ, ಯಾವ ಋತುವಿನಲ್ಲಿ ಹಡಗು ಎಲ್ಲಿಯವರೆಗೆ ಮುಳುಗಬಹುದೆಂಬುದನ್ನು ಅವು ಸೂಚಿಸುತ್ತವೆ. ‘ಎಸ್’ ಎಂಬುದು ಬೇಸಗೆಯ ಗೀಟು. ಅದಕ್ಕಿಂತ ಮೇಲಿರುವ ‘ಟಿ’ ಉಷ್ಣವಲಯದ್ದು.

ಉಷ್ಣವಲಯದ ಗೀಟು ಮೇಲಿರುವುದೇಕೆ? ಬೆಚ್ಚನೆಯ ನೀರಿನ ಸಾಂದ್ರತೆ ಕಡಮೆ, ಅದರಲ್ಲಿ ಹಡಗು ಹೆಚ್ಚು ಮುಳುಗುತ್ತದೆ, ಆದ್ದರಿಂದ ಎಂದು ಆರ್ಕಿಮಿಡೀಸನ ತತ್ತ್ವವನ್ನು ಕಲಿತ ವಿದ್ಯಾರ್ಥಿಗಳು ಥಟ್ಟನೆ ಉತ್ತರ ಕೊಡುವುದುಂಟು. ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಸಮುದ್ರಜಲದ ಘನಮೀಟರು 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 1027 ಕಿಲೋಗ್ರಾಂ ತೂಗಿದರೆ, 30 ಡಿಗ್ರಿಯಲ್ಲಿ ಸುಮಾರು 1022 ತೂಗುತ್ತದೆ. ವ್ಯತ್ಯಾಸ ಶೇಕಡ ಅರ್ಧದಷ್ಟು. 8 ಮೀಟರು ಮುಳುಗಿದ, ಪೆಟ್ಟಿಗೆಯಾಕಾರದ ಹಡಗು ಇದರಿಂದ 4 ಸೆಂಟಿಮೀಟರಷ್ಟು ಇಳಿದೀತು. ನಿಯಮವಾದರೋ ಮುಳುಗಿದ ಆಳದ 48ನೆಯ ಒಂದು ಭಾಗವನ್ನು, ಎಂದರೆ ಸುಮಾರು 17 ಸೆಂಟಿಮೀಟರನ್ನು, ಬಿಟ್ಟುಕೊಡುತ್ತದೆ!

ಉತ್ತರ ನೀರಿನಲ್ಲಿಲ್ಲ, ಗಾಳಿಯಲ್ಲಿದೆ. ಉಷ್ಣವಲಯದ ಕಡಲು ಬಹುಮಟ್ಟಿಗೆ ಶಾಂತ. ಅಲೆಗಳನ್ನು ತಡೆಯಲು ನೀರಿನ ಮೇಲೆ ಉಳಿಯಬೇಕಾದ ಮೈಯೆತ್ತರ ಅಲ್ಲಿ ಸ್ವಲ್ಪ ಕಡಮೆಯಾದರೂ ಸಾಗುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಅರಬ್ಬೀ ಸಮುದ್ರವೇ. ಜೂನ್ ಆರಂಭದಲ್ಲಿ ಅದರ ನೀರು ಜನವರಿಗಿಂತ ತಣ್ಣಗಿರುವುದಿಲ್ಲ. ಆದರೂ ಮುಂಗಾರು ಬಂದೊಡನೆ ‘ಟಿ’ ಗೀಟಿನ ರಿಯಾಯಿತಿ ರದ್ದಾಗಿ, ‘ಎಸ್’ ಗೀಟಿಗೇ ನಿಲ್ಲಬೇಕಾಗುತ್ತದೆ.

ಸಾಂದ್ರತೆಗೆ ನಿಜವಾಗಿ ಸಂಬಂಧಿಸಿದ ಗೀಟು ‘ಎಫ್’, ಎಂದರೆ ಸಿಹಿನೀರಿನದು. ಘನಮೀಟರಿಗೆ 1025 ಕಿಲೋಗ್ರಾಂ ತೂಗುವ ಕಡಲಿನಿಂದ 1000 ತೂಗುವ ನದಿಗೆ ಬಂದ ಅದೇ ಹಡಗು 20 ಸೆಂಟಿಮೀಟರು ತಗ್ಗುತ್ತದೆ. ಮರಳಿ ಕಡಲಿಗಿಳಿದಾಗ ತಾನಾಗಿಯೇ ಮೇಲೇಳುವುದರಿಂದ ಬಂದರಿನಲ್ಲಿ ಅಷ್ಟು ಹೆಚ್ಚು ಮುಳುಗಲು ಅನುಮತಿಯುಂಟು.

ಈ ಗೀಟುಗಳಿಗಾಗಿ ನಾವಿಕರು ಪ್ರಾಣ ತೆತ್ತಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಕೆಲವು ಮಾಲಿಕರು ವಿಮೆ ಇಳಿಸಿದ ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ ಕಳುಹಿಸುತ್ತಿದ್ದರು. ಮುಳುಗಿದರೂ ಅವರಿಗೆ ನಷ್ಟವಿರಲಿಲ್ಲ. ಪಾರ್ಲಿಮೆಂಟಿನ ಸದಸ್ಯ ಸಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದ ಫಲವಾಗಿ 1876ರಲ್ಲಿ ಭಾರರೇಖೆ ಕಡ್ಡಾಯವಾಯಿತು. ವಿಚಿತ್ರವೆಂದರೆ, ರೇಖೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಆ ಕಾನೂನು ಮಾಲಿಕರಿಗೇ ಬಿಟ್ಟಿತ್ತು! ಅದರ ಸ್ಥಾನವನ್ನೂ ಕಾನೂನೇ ಗೊತ್ತುಮಾಡಿದ್ದು 1890ರಲ್ಲಿ.